ಹಸಿ ಸ್ವರ

ಬಿ.ಎ. ಮುಗಿಸಿ ಎಂಟು ತಿಂಗಳು ಮನೆಯಲ್ಲಿ ಕುಳಿತ ಮೇಲೆ ನನಗೆ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಪತ್ರವ್ಯವಹಾರದ ಗುಮಾಸ್ತನ ಕೆಲಸ ದೊರೆಯಿತು. ಎರಡನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಒಂದೆರಡು ವರ್ಷ ಹಿಂದಿನ ಮಾತು. ಗ್ರಾಮಫೋನು ಮತ್ತು ರೇಡಿಯೋ ಮಾರುವುದು, ಮದುವೆಗಳಿಗೂ ಸಭೆಗಳಿಗೂ ಧ್ವನಿವರ್ಧಕವನ್ನು ಬಾಡಿಗೆಗೆ ಕೊಡುವುದು ಆ ಅಂಗಡಿಯ ವ್ಯಾಪಾರ. ಸರಕು ಬರುತ್ತಿದ್ದುದು ಮದರಾಸಿನ ಏಜೆಂಟರಿಂದ. ಅವರಿಗೆ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಬಲ್ಲ ಒಬ್ಬ ಮನುಷ್ಯ ಬೇಕಾಗಿದ್ದ.

ಮಾಲೀಕರು ಬಂದರಿನ ಕಡೆಯ ಬ್ಯಾರಿ ಮನೆತನದವರು. ತಂದೆಯ ಕಾಲದಲ್ಲಿ ಅಕ್ಕಿ ಮತ್ತು ಒಣಮೆಣಸು ಮಾರುತ್ತಿದ್ದ ಅಂಗಡಿಗೆ ರೇಡಿಯೋ ತಂದಿಟ್ಟವರು ಇವರು. ಊರಿನ ರೂಢಿಯಂತೆ ಕೆಲಸದವರೆಲ್ಲ ಅವರನ್ನು ಧನಿಗಳು ಎಂದು ಕರೆಯುತ್ತಿದ್ದರು. ನನ್ನ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಓದದೆ, ಅವರು ನನ್ನ ಮುಖ ನೋಡಿದರು.

“ತಂದೆಯವರು ಎಂತ ಮಾಡ್ತಾರೆ?”

“ಹಂಚಿನ ಕಾರ್ಖಾನೆಯಲ್ಲಿದ್ದಾರೆ. ವಿಂಗಡಣಾ ವಿಭಾಗದಲ್ಲಿ.”

“ಓ, ಆಫೀಸಿನವರು. ಹಾಗೆ ಹೇಳಿ ಮತ್ತೆ.”

ನಾನು ಹಾಗೆ ಹೇಳಿರಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ನನ್ನ ತಂದೆ ಬೋಳಾರದ ಹೊಳೆಬದಿಯ ಕಾರ್ಖಾನೆಯ ಅಂಗಳದಲ್ಲಿ ನೆಲದ ಮೇಲೆ ಕುಳಿತು, ಭಟ್ಟಿಯಿಂದ ಹೊರಬಂದ ಹಂಚುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಸದ್ದನ್ನು ಕೇಳಿ, ಒಳ್ಳೆಯದನ್ನು ಒಂದು ರಾಶಿಗೆ, ಎರಡನೆಯ ದರ್ಜೆಯದನ್ನು ಇನ್ನೊಂದಕ್ಕೆ, ಕೆಟ್ಟದ್ದನ್ನು ಬೇಲಿಯ ಬದಿಗೆ ಹಾಕುವ ಕೂಲಿಯವರಾಗಿದ್ದರು. ಅದನ್ನು ‘ವಿಂಗಡಣಾ ವಿಭಾಗ’ ಎಂದರೆ ವ್ಯಾಕರಣದಲ್ಲಾಗಲಿ ಅರ್ಥದಲ್ಲಾಗಲಿ ದೋಷವಿಲ್ಲ. ದೋಷವಿಲ್ಲದ ಶಬ್ದಗಳನ್ನು ಆರಿಸುವುದರಲ್ಲಿ ನಾನು ಆಗಲೇ ಪಳಗಿದ್ದೆ.

“ಆರು ತಿಂಗಳು ನೋಡುವ,” ಎಂದರು ಧನಿಗಳು. “ಸರಿ ಬಂದರೆ ಕಾಯಂ. ಬಾರದಿದ್ದರೆ ನಿಮಗೂ ಬೇಜಾರು ಬೇಡ, ನನಗೂ ಬೇಡ.”

ಆ ಆರು ತಿಂಗಳು ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಕೆಲಸವಿಲ್ಲದೆ ಕುಳಿತ ಎಂಟು ತಿಂಗಳಲ್ಲಿ ನೆರೆಯವರು ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಕೇಳದೆ ಇದ್ದುದೇ ಸಹಿಸಲು ಕಷ್ಟವಾಗಿತ್ತು. ಇನ್ನೊಮ್ಮೆ ಆ ಜಗಲಿಯ ಮೇಲೆ ಹಗಲು ಹೊತ್ತಿನಲ್ಲಿ ಕುಳಿತುಕೊಳ್ಳುವ ಸ್ಥಿತಿ ಬರಬಾರದೆಂಬುದೊಂದೇ ನನ್ನ ಪ್ರಾರ್ಥನೆಯಾಗಿತ್ತು.

ಕೆಲಸ ಸಿಕ್ಕಿದ ವಾರದಲ್ಲಿಯೇ ಬಲ್ಮಠದ ಒಂದು ಮನೆಯ ಹಿಂಬದಿಯಲ್ಲಿ ಕೋಣೆ ಹಿಡಿದೆ. ಬೋಳಾರದಿಂದ ಅಂಗಡಿಗೆ ನಡೆದು ಬರಲು ಅರ್ಧ ಗಂಟೆ ಸಾಕು. ಆದ್ದರಿಂದ ಕೋಣೆಗೆ ಕಾರಣ ಹೇಳುವುದು ಕಷ್ಟವಾಯಿತು. ರಾತ್ರಿ ಓದಲಿಕ್ಕೆ ನಿಶ್ಶಬ್ದ ಬೇಕು ಎಂದು ಮನೆಯಲ್ಲಿ ಹೇಳಿದೆ. ತಾಯಿ, “ನಾವು ಮಾತಾಡುವುದಿಲ್ಲ, ನೀನು ಓದು,” ಎಂದರು. ಅವರು ನಿಜವಾಗಿಯೂ ಹಾಗೆ ಮಾಡಬಲ್ಲವರೆಂದು ನನಗೆ ತಿಳಿದಿತ್ತು, ಅದಕ್ಕಾಗಿಯೇ ಹೊರಟೆ. ತಂದೆಯವರಿಗೆ ಬೇರೆಯಾಗಿ ಒಂದು ಮಾತು ಹೇಳಿದೆ: ಅಂಗಡಿಯಲ್ಲಿ ಬಹಳ ಕೆಲಸವಿರುತ್ತದೆ, ಅಲ್ಲಿಗೆ ಬಂದರೆ ಮಾತನಾಡಲು ಆಗುವುದಿಲ್ಲ. ಅವರು ಹೂಂ ಎಂದರು. ಏಕೆ ಎಂದು ಕೇಳಲಿಲ್ಲ.

ಕೋಣೆಯಲ್ಲಿ ನಿಶ್ಶಬ್ದ ಬೇಕಾದಷ್ಟಿತ್ತು. ಮನೆಯ ಮಾಲೀಕರು ಕೊಂಕಣಿಯಲ್ಲಿ ಮಾತನಾಡುತ್ತಿದ್ದವರು ನನ್ನನ್ನು ಕಂಡೊಡನೆ ಶುದ್ಧ ಕನ್ನಡಕ್ಕೆ ಬಂದು, ಎರಡು ಮಾತಾಡಿ ಒಳಗೆ ಹೋಗುತ್ತಿದ್ದರು. ಅಂಗಡಿಯಲ್ಲಿಯೂ ಹೀಗೆಯೇ. ಧನಿಗಳೂ ಕೆಲಸದವರೂ ತುಳುವಿನಲ್ಲಿ ನಗುತ್ತಿರುವಾಗ ನಾನು ಹೋದರೆ ನಗೆ ನಿಂತು ಕನ್ನಡ ಆರಂಭವಾಗುತ್ತಿತ್ತು. ತಪ್ಪು ಅವರದಲ್ಲ. ಮೊದಲ ದಿನ ಧನಿಗಳು ತುಳುವಿನಲ್ಲಿ ಊಟವಾಯಿತೇ ಎಂದು ಕೇಳಿದಾಗ ನಾನು “ಭೋಜನ ಮುಗಿಸಿಯೇ ಬಂದಿದ್ದೇನೆ” ಎಂದು ಉತ್ತರಿಸಿದ್ದೆ. ಅಂದಿನಿಂದ ನಾನು ತುಳು ಬಾರದವನೆಂದು ಅವರೆಲ್ಲ ತಿಳಿದುಕೊಂಡರು. ನಾನು ತಿದ್ದಲಿಲ್ಲ. ದಿನಕ್ಕೆ ಹತ್ತು ಕಾಗದ ಇಂಗ್ಲಿಷಿನಲ್ಲಿ ಬರೆದು, ಇಪ್ಪತ್ತು ಗಿರಾಕಿಗಳೊಡನೆ ಪುಸ್ತಕದ ಕನ್ನಡ ಆಡಿ, ಸಂಜೆ ಕೋಣೆಯ ಬಾಗಿಲು ಹಾಕಿಕೊಂಡರೆ, ಆ ದಿನ ಯಾರೊಡನೆಯೂ ಮಾತನಾಡಿಲ್ಲವೆಂದೇ ಅನಿಸುತ್ತಿತ್ತು.

ರಸೀದಿಗಳಲ್ಲಿ ಹಿಂದಿನವರು ‘ಸ್ಪೀಕರ್’ ಎಂದು ಬರೆಯುತ್ತಿದ್ದರು. ಕನ್ನಡ ರಸೀದಿಯಲ್ಲಿ ಅದು ಸಲ್ಲದೆಂದು ನಾನು ‘ಧ್ವನಿವರ್ಧಕ’ ಎಂದು ಬರೆಯತೊಡಗಿದೆ. ಉಳ್ಳಾಲದ ಒಬ್ಬ ಮೀನಿನ ವ್ಯಾಪಾರಿ ರಸೀದಿಯನ್ನು ಮಗನಿಂದ ಓದಿಸಿ, ಮರುದಿನ ಬಂದು ಕೇಳಿದ: “ಇದು ಎಂತದು ಮಾರಾಯ್ರೆ, ಊಟದ ಮೊದಲು ಕುಡಿಯುವುದಾ, ಮತ್ತೆಯಾ?”

ಧನಿಗಳು ಬಹಳ ಹೊತ್ತು ನಕ್ಕರು. ನಾನೂ ನಕ್ಕೆ. ಆದರೆ ರಸೀದಿಯಲ್ಲಿ ಧ್ವನಿವರ್ಧಕವೆಂದೇ ಬರೆಯುವುದನ್ನು ಮುಂದುವರಿಸಿದೆ.

ನನ್ನ ಕೆಲಸದಲ್ಲಿ ಕಠಿಣವಾದ ಭಾಗ ದೂರುಗಳದು. ಕೊಂಡವರಿಗೆ ಸದ್ದು ಸರಿಯೆನಿಸದಿದ್ದರೆ ಅಂಗಡಿಗೆ ಬಂದು ಹೇಳುವರು. ಅದನ್ನು ನಾನು ಏಜೆಂಟರಿಗೆ ಅರ್ಥವಾಗುವಂತೆ ಇಂಗ್ಲಿಷಿನಲ್ಲಿ ಬರೆಯಬೇಕು. ಆದರೆ ಯಾರೂ ಸದ್ದಿನ ಕುರಿತು ಸದ್ದಿನ ಶಬ್ದಗಳಲ್ಲಿ ಹೇಳುತ್ತಿರಲಿಲ್ಲ. ಮೇಲೆ ಹೇಳಿದ ಮೀನಿನ ವ್ಯಾಪಾರಿಯೇ ಒಮ್ಮೆ, “ಹಾಡು ಒಳ್ಳೆಯದುಂಟು, ಆದರೆ ಮುಳ್ಳು ಜಾಸ್ತಿ,” ಎಂದ. ಒಬ್ಬ ವಕೀಲರು, “ಹಂಡೆಯೊಳಗೆ ತಲೆ ಹಾಕಿ ವಾದ ಮಾಡಿದ ಹಾಗೆ” ಎಂದರು. ಯಕ್ಷಗಾನದ ಮೇಳಕ್ಕೆ ಧ್ವನಿವರ್ಧಕ ಕೊಂಡೊಯ್ದವರು ಭಾಗವತರ ಸ್ವರಕ್ಕೆ ಮೂಗು ಬಂದಿದೆಯೆಂದು ಸಿಟ್ಟಾದರು. ನಾನು ಒಂದು ಪುಸ್ತಕ ಮಾಡಿಕೊಂಡು, ಎಡಬದಿಯಲ್ಲಿ ಜನರ ಮಾತನ್ನೂ ಬಲಬದಿಯಲ್ಲಿ ನಿಘಂಟಿನಿಂದ ಆರಿಸಿದ ಇಂಗ್ಲಿಷ್ ಶಬ್ದವನ್ನೂ ಬರೆದೆ. ಬಲಬದಿ ಬಹಳ ಶುಭ್ರವಾಗಿತ್ತು. ಅದರಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ.

ಆ ದೂರುಗಳ ಅರ್ಥ ಹಿಡಿಯಲು ನನಗೆ ಕಲಿಸಿದವರು ಅಂಗಡಿಯ ರಿಪೇರಿಯವರು. ಅವರು ಕ್ರೈಸ್ತರು, ನಮ್ಮಲ್ಲಿ ಅಂಥವರನ್ನು ಗೌರವದಿಂದ ಕರೆಯುವಂತೆ ಪೊರ್ಬುಗಳೆಂದೇ ಎಲ್ಲರೂ ಕರೆಯುತ್ತಿದ್ದರು. ಮೂವತ್ತು ವರ್ಷ ಹಾರ್ಮೋನಿಯಂ ಮತ್ತು ಇಗರ್ಜಿಗಳ ಆರ್ಗನ್ ಸರಿಪಡಿಸಿ, ಮುದಿಪ್ರಾಯದಲ್ಲಿ ರೇಡಿಯೋ ಕಲಿತವರು. ನನ್ನ ಪುಸ್ತಕವನ್ನು ಅವರು ಕನ್ನಡಕ ಹಾಕಿಕೊಂಡು ಓದಿದರು.

“ಬಲಬದಿ ಬಿಡಿ,” ಎಂದರು. “ಎಡಬದಿಯೇ ಸರಿಯುಂಟು. ಮುಳ್ಳು ಅಂದನಲ್ಲ, ಅವನು ಸುಳ್ಳು ಹೇಳಲಿಲ್ಲ. ‘ಸ’ ಬಂದಾಗ, ‘ಶ’ ಬಂದಾಗ ಕಿವಿಗೆ ಚುಚ್ತದೆ. ಅವನಿಗೆ ಗೊತ್ತಿದ್ದ ಚುಚ್ಚುವ ವಸ್ತು ಮುಳ್ಳು. ವಕೀಲರ ಹಂಡೆ ಉಂಟಲ್ಲ, ಅದು ಕೆಳಗಿನ ಸ್ವರ ಹೆಚ್ಚಾಗಿ ಗುಂಯ್ ಅನ್ನುವುದು. ಪೆಟ್ಟಿಗೆಯನ್ನು ಮೂಲೆಯಲ್ಲಿ ಇಟ್ಟಿರ್ತಾರೆ, ಗೋಡೆಯಿಂದ ಈಚೆಗೆ ಎಳೆದರೆ ಆಯ್ತು. ಮೂಗು ಅಂದರೆ ಮೇಲೆಯೂ ಇಲ್ಲ, ಕೆಳಗೆಯೂ ಇಲ್ಲ, ನಡುವಿನದ್ದು ಮಾತ್ರ. ತುತ್ತೂರಿಯ ಬಾಯಿಗೆ ಅದು ಇದ್ದದ್ದೇ, ಮದ್ದಿಲ್ಲ.”

“ಇದನ್ನೆಲ್ಲ ತಾವು ಹೇಗೆ ತಿಳಿದುಕೊಳ್ಳುತ್ತೀರಿ?”

“ಕೇಳ್ತೇನೆ. ಎಂತ ಹಾಗೆಂದರೆ, ಅಂತ ಕೇಳ್ತೇನೆ. ಜನ ಅವರ ಮನೆಯ ವಸ್ತುವಿನ ಹೆಸರು ಹೇಳ್ತಾರೆ. ಆ ವಸ್ತು ಹೇಗೆ ಸದ್ದು ಮಾಡ್ತದೆ ಅಂತ ನೀವು ಕೇಳಬೇಕು. ನಾಚಿಕೆ ಎಂತದು?”

ಅಂದಿನಿಂದ ಊಟದ ಬಿಡುವಿನಲ್ಲಿ ಅವರು ನನಗೆ ಕೇಳಿಸಿ ತೋರಿಸುತ್ತಿದ್ದರು. ಒಂದೇ ಹಾಡನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಹಾಕಿ, ಎಲ್ಲಿ ‘ಒಡೆದಿದೆ’, ಎಲ್ಲಿ ‘ಮರಳು’ ಇದೆ ಎಂದು ನನ್ನಿಂದ ಹೇಳಿಸುವರು. ಶಕ್ತಿಗೆ ಮೀರಿ ಕೂಗಿಸಿದರೆ ಸದ್ದು ಒಡೆಯುತ್ತದೆ. ಒಳಗಿನ ಕಾಗದ ಸೊಟ್ಟಗಾಗಿ ತಂತಿಯ ಸುರುಳಿ ಉಜ್ಜಿದರೆ ಮರಳು ಕೇಳಿಸುತ್ತದೆ. ನಾನು ಬೇಗ ಕಲಿತೆ. ಒಂದು ದಿನ ಅವರು, “ನಿಮಗೆ ಕಿವಿ ಉಂಟು ಮಾರಾಯ್ರೆ. ಮನೆಯಲ್ಲಿ ಯಾರಾದರೂ ಹಾಡುವವರು ಉಂಟಾ?” ಎಂದು ಕೇಳಿದರು.

“ಇಲ್ಲ,” ಎಂದೆ. ಅದೂ ದೋಷವಿಲ್ಲದ ಉತ್ತರ.

ನಾಲ್ಕನೆಯ ತಿಂಗಳಲ್ಲಿ ಬೋಳಾರದ ಹಂಚಿನ ಕಾರ್ಖಾನೆಯ ಕೆಲಸಗಾರರ ವಾಚನಾಲಯದವರು ಅಂಗಡಿಗೆ ಬಂದರು. ಎಲ್ಲರೂ ಒಟ್ಟಿಗೆ ಕುಳಿತು ಕೇಳುವಂತೆ ದೊಡ್ಡ ಪೆಟ್ಟಿಗೆಯ ಧ್ವನಿವರ್ಧಕವಿರುವ ರೇಡಿಯೋ ಬೇಕೆಂದು ಅವರ ಅಪೇಕ್ಷೆ. ಮುಖ್ಯಸ್ಥರು ಅಂಗಳದ ಮೇಸ್ತ್ರಿ, ವಯಸ್ಸಾದವರು. ನನ್ನ ತಂದೆಯ ಮೇಲಿನವರು. ನಾನು ಚಿಕ್ಕವನಿದ್ದಾಗ ತಂದೆಗೆ ಬುತ್ತಿ ಕೊಂಡೊಯ್ಯುವಾಗ ಅವರನ್ನು ಕಂಡಿದ್ದೆ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಹತ್ತದಿರಲೆಂದು ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ.

ಒಂದು ತಿಂಗಳು ಇಟ್ಟು ನೋಡಿ, ಒಪ್ಪಿಗೆಯಾದರೆ ಕೊಳ್ಳುವುದೆಂದು ಮಾತಾಯಿತು. ಅವರು ಹೋದ ಮೇಲೆ ಧನಿಗಳು ನನ್ನ ಮೇಜಿಗೆ ಬಂದರು.

“ಬಿ.ಎ.ಯವರೇ, ಇವರು ತಕ್ಕೊಂಡರೆ ಉಳಿದ ಕಾರ್ಖಾನೆಯವರೂ ತಕ್ಕೊಳ್ತಾರೆ. ಒಬ್ಬರಲ್ಲಿ ಇದ್ದದ್ದು ಇನ್ನೊಬ್ಬರಲ್ಲಿ ಇಲ್ಲದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಇದನ್ನು ನೀವೇ ನೋಡಿಕೊಳ್ಳಿ. ಇದು ಕುದುರಿದರೆ ನಿಮ್ಮದೂ ಕಾಯಂ, ಎರಡು ತಿಂಗಳು ಕಾಯುವುದು ಎಂತಕ್ಕೆ?”

ಮೂರನೆಯ ವಾರದಲ್ಲಿ ಮೇಸ್ತ್ರಿಯವರು ಒಬ್ಬರೇ ಬಂದರು. ಪೊರ್ಬುಗಳು ಮಗಳ ಮದುವೆಗೆಂದು ಕಾರ್ಕಳದ ಕಡೆ ಹೋಗಿದ್ದರು, ಧನಿಗಳು ಬಂದರಿನಲ್ಲಿದ್ದರು. ಮೇಸ್ತ್ರಿಯವರು ನನ್ನ ಮುಂದೆ ನಿಂತು, ಮೊದಲು ತಮ್ಮಷ್ಟಕ್ಕೆ ತುಳುವಿನಲ್ಲಿ “ಪಜಿ” ಎಂದರು. ಆಮೇಲೆ ನನ್ನ ಮುಖ ನೋಡಿ, ನನಗೆ ಅರ್ಥವಾಗುವಂತೆ ಕನ್ನಡಕ್ಕೆ ತಿರುಗಿಸಿದರು.

“ಸ್ವರ ಹಸಿ ಉಂಟು.”

ಆ ಕ್ಷಣದಲ್ಲಿ ನನಗಾದುದನ್ನು ನಾನು ಆದಷ್ಟು ಸರಿಯಾಗಿ ಹೇಳಬೇಕು. ಆ ಶಬ್ದ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಅದು ದಿನದ ಮಾತು. ಭಟ್ಟಿಯಲ್ಲಿ ಸರಿಯಾಗಿ ಬೇಯದ ಹಂಚಿಗೆ ಹಾಗೆ ಹೇಳುತ್ತಾರೆ; ತಟ್ಟಿದರೆ ಅದು ಮೊಳಗುವುದಿಲ್ಲ, ದೊಪ್ ಎನ್ನುತ್ತದೆ. ಅವರ ಬಾಯಿಂದ ಮಾತು ಬಿದ್ದೊಡನೆ ಆ ದೊಪ್ ಎಂಬ ಸದ್ದು ನನ್ನ ಕಿವಿಯೊಳಗೆ ಕೇಳಿಸಿತು. ‘ಹಂಚಿನ ಹಾಗೆಯೇ?’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಕೇಳಿದರೆ ಅವರು, ಹಂಚಿನ ವಿಷಯ ನಿಮಗೆ ಹೇಗೆ ಗೊತ್ತು, ನೀವು ಯಾರ ಪೈಕಿ ಎಂದು ಕೇಳುತ್ತಿದ್ದರು. ಆಗ ವಿಂಗಡಣಾ ವಿಭಾಗವೆಂದರೆ ಏನೆಂಬುದು ಸಂಜೆಯೊಳಗೆ ಅಂಗಡಿಗೆಲ್ಲ ತಿಳಿಯುತ್ತಿತ್ತು. ಇದಲ್ಲದೆ, ಧ್ವನಿವರ್ಧಕದ ಸ್ವರ ಬೆಂದಿಲ್ಲವೆಂದು ಮದರಾಸಿಗೆ ಬರೆದರೆ ಅವರು ನಗುವುದಿಲ್ಲವೇ? ನಿಘಂಟಿನಲ್ಲಿ ಹಸಿ ಎಂದರೆ ಒದ್ದೆ ಎಂಬ ಅರ್ಥವೂ ಇದೆ. ಮಳೆಗಾಲ ಆಗಷ್ಟೇ ಮುಗಿದಿತ್ತು. ಧ್ವನಿವರ್ಧಕದೊಳಗಿನ ಕಾಗದಕ್ಕೆ ತೇವ ತಗಲಿ ಸದ್ದು ಕೆಡುವುದು ಶಾಸ್ತ್ರೀಯವಾಗಿಯೂ ಸರಿ. ನಾನು ತಲೆದೂಗಿ, “ತಿಳಿಯಿತು, ಬರೆಯುತ್ತೇನೆ,” ಎಂದೆ. ಅವರು ಹೋದರು. ಧ್ವನಿವರ್ಧಕವು ಡ್ಯಾಂಪ್ ಆಗಿದೆಯೆಂದು ಗಿರಾಕಿ ತಿಳಿಸಿದ್ದಾರೆ ಎಂದು ಅಂದಿನ ಟಪಾಲಿಗೇ ಬರೆದೆ. ಒಳ್ಳೆಯ ವಾಕ್ಯವಾಗಿತ್ತು.

ಐದನೆಯ ದಿನ ಉತ್ತರ ಬಂದಿತು: ಧ್ವನಿವರ್ಧಕವನ್ನು ಹೊರತೆಗೆದು ಎರಡು ದಿನ ಒಳ್ಳೆಯ ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಪೆಟ್ಟಿಗೆಯನ್ನು ತರಿಸಿ, ಅಂಗಡಿಯಲ್ಲಿ ಒಮ್ಮೆ ಹಚ್ಚಿ ನೋಡಿದೆವು. ಸ್ವರ ಚೆನ್ನಾಗಿಯೇ ಇತ್ತು. ಪೊರ್ಬುಗಳು ಕಲಿಸಿದ ಎಲ್ಲ ಪರೀಕ್ಷೆಗಳನ್ನೂ ಮಾಡಿದೆ; ದೊಪ್ ಎನ್ನುವುದು ಎಲ್ಲಿಯೂ ಕೇಳಿಸಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಧನಿಗಳು ಕೂಡ, “ಇದಕ್ಕೆ ಎಂತ ಆಗಿದೆ? ಚಂದ ಉಂಟಲ್ಲ,” ಎಂದರು. ನಾನು ಕಾಗದವನ್ನು ತೋರಿಸಿ, ಏಜೆಂಟರು ಲಿಖಿತವಾಗಿ ತಿಳಿಸಿದ್ದಾರೆ ಎಂದೆ. ಲಿಖಿತವೆಂದ ಮೇಲೆ ಅವರು ಒಪ್ಪಿದರು.

ಎರಡು ದಿನ ಅಂಗಡಿಯ ಹಿಂಬದಿಯ ಬಿಸಿಲಿನಲ್ಲಿಟ್ಟು, ನಾನೇ ಕಾಗೆ ಓಡಿಸುತ್ತ ಕಾದು, ಮೂರನೆಯ ದಿನ ವಾಚನಾಲಯಕ್ಕೆ ಕಳುಹಿಸಿದೆ. ನಾಲ್ಕನೆಯ ದಿನ ಮೇಸ್ತ್ರಿಯವರು ಬಂದು ಧನಿಗಳೊಡನೆ ನೇರವಾಗಿ ಮಾತನಾಡಿದರು. “ಬೇಡ ಸಾಹೇಬ್ರೆ, ಹಿಂದೆ ತಕ್ಕೊಳ್ಳಿ. ಮೊದಲು ಹಸಿ ಇತ್ತು, ಈಗ ಮರಳೂ ಬಿದ್ದಿದೆ.”

ಧನಿಗಳು ಬಂದ ವ್ಯಾಪಾರವನ್ನು ಬಿಡುವವರಲ್ಲ. ಅಂದು ಬೆಳಿಗ್ಗೆಯಷ್ಟೇ ಪೊರ್ಬುಗಳು ಹಿಂದಿರುಗಿದ್ದರು. “ನಾಳೆ ಪೆಟ್ಟಿಗೆ ತನ್ನಿ, ನಿಮ್ಮಲ್ಲಿ ಸರಿಯಾಗಿ ಕೇಳುವವರು ಯಾರು, ಅವರನ್ನು ಕರ್ಕೊಂಡು ಬನ್ನಿ. ನಮ್ಮವರೂ ಇರ್ತಾರೆ. ನೋಡುವ, ಯಾರದ್ದು ತಪ್ಪು ಅಂತ,” ಎಂದರು. ‘ಯಾರದ್ದು’ ಎನ್ನುವಾಗ ನನ್ನ ಕಡೆಗೆ ನೋಡಿದರೆಂದು ನನಗೆ ತೋರಿತು. ಆ ರಾತ್ರಿ ನಾನು ಪತ್ರದ ಪ್ರತಿಯನ್ನು ನೆನಪಿನಿಂದಲೇ ಹಲವು ಸಲ ಓದಿಕೊಂಡೆ. ಗಿರಾಕಿ ತಿಳಿಸಿದ್ದಾರೆ ಎಂದೇ ಬರೆದಿದ್ದೆ. ನಾನು ತಿಳಿದಿದ್ದೇನೆ ಎಂದು ಬರೆದಿರಲಿಲ್ಲ. ಅಷ್ಟೇ ನನಗಿದ್ದ ಆಸರೆ.

ಮರುದಿನ ಮಧ್ಯಾಹ್ನ ಮೇಸ್ತ್ರಿಯವರು ಬಂದರು. ಅವರ ಹಿಂದೆ ನನ್ನ ತಂದೆ.

ಅಂಗಳದಲ್ಲಿ ಎಲ್ಲರಿಗಿಂತ ಒಳ್ಳೆಯ ಕಿವಿ ಯಾರದೆಂದು ನಾನು ಊಹಿಸಬೇಕಾಗಿತ್ತು. ನನ್ನ ಮೊದಲ ಸಂಬಳದಲ್ಲಿ ಕೊಂಡುಕೊಟ್ಟ ಬಿಳಿಯ ಅಂಗಿ ತೊಟ್ಟಿದ್ದರು. ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಉಗುರಿನ ಸುತ್ತ ಹಂಚಿನ ಕೆಂಪು. ಬಾಗಿಲಲ್ಲಿ ಚಪ್ಪಲಿಯಿಲ್ಲದ ಕಾಲುಗಳನ್ನು ಒರೆಸಿ ಒಳಗೆ ಬಂದರು. ನನ್ನ ಮೇಜನ್ನೂ ಅದರ ಹಿಂದೆ ನಿಂತಿದ್ದ ನನ್ನನ್ನೂ ನೋಡಿದರು. ಆಮೇಲೆ ಧನಿಗಳಿಗೆ ಹೇಗೋ ಹಾಗೆಯೇ ನನಗೂ ಕೈ ಮುಗಿದರು.

ನಾನು ಪ್ರತಿಯಾಗಿ ಕೈ ಮುಗಿದೆ.

ಪೊರ್ಬುಗಳು ಪೆಟ್ಟಿಗೆಯ ಹಿಂಬದಿ ಬಿಚ್ಚಿ ದೀಪ ಹಿಡಿದು ನೋಡಿದರು. “ಕಾಗದ ಹಪ್ಪಳದ ಹಾಗೆ ಸುರುಟಿಕೊಂಡಿದೆ. ಇದನ್ನು ಬಿಸಿಲಿಗೆ ಹಾಕಿದ ಪುಣ್ಯಾತ್ಮ ಯಾರು?”

“ಮದರಾಸಿನವರು ಬರೆದದ್ದು, ಒಣಗಿಸಬೇಕು ಅಂತ,” ಎಂದರು ಧನಿಗಳು. “ಚಂಡಿ ಆಗಿದೆ ಅಂತ ಇವರೇ ಅಲ್ಲವಾ ದೂರು ಕೊಟ್ಟದ್ದು?”

“ಚಂಡಿ?” ಎಂದರು ಮೇಸ್ತ್ರಿಯವರು. “ನಾನು ಚಂಡಿ ಅಂತ ಯಾವಾಗ ಹೇಳಿದ್ದು? ಹಸಿ ಅಂತ ಹೇಳಿದ್ದು. ಇವರ ಹತ್ತಿರವೇ ಹೇಳಿದ್ದು.”

“ಹೌದು, ಹಸಿ ಎಂದೇ ಹೇಳಿದರು,” ಎಂದೆ.

“ಚಂಡಿ ಬೇರೆ, ಹಸಿ ಬೇರೆ,” ಎಂದು ತಂದೆ ಮೆಲ್ಲನೆ ಹೇಳಿದರು. ಧನಿಗಳೊಡನೆ ತುಳುವಿನಲ್ಲಿ ಆರಂಭಿಸಿದವರು, ನಾನಿರುವುದನ್ನು ನೆನೆದು ಕನ್ನಡಕ್ಕೆ ಬಂದರು. ಅವರ ಕನ್ನಡವನ್ನು ನಾನು ಕೇಳಿದ್ದು ಕಡಿಮೆ. “ಚಂಡಿ ಅಂದರೆ ನೀರು ತಾಗಿದ್ದು. ಒಣಗಿಸಿದರೆ ಹೋಗ್ತದೆ. ಹಸಿ ಅಂದರೆ ಬೇಯದ್ದು. ಅದನ್ನು ಎಷ್ಟು ಒಣಗಿಸಿದರೂ ಹಸಿಯೇ. ಬೆಂದ ಹಂಚು ತಟ್ಟಿದರೆ ಸ್ವರ ಹೊರಗೆ ಹೋಗ್ತದೆ. ಹಸಿ ಹಂಚಿನಲ್ಲಿ ಒಳಗೇ ಕೂತುಕೊಳ್ತದೆ. ಅಲ್ಲಿ ರೇಡಿಯೋ ಹಾಗೆ ಇತ್ತು. ಸ್ವರ ಉಂಟು, ಆದರೆ ನಮ್ಮವರೆಗೆ ಬರುವುದಿಲ್ಲ.”

ಪೊರ್ಬುಗಳು ದೀಪ ಆರಿಸಿ ಎದ್ದು ನಿಂತರು. ಅವರ ಮುಖದಲ್ಲಿ ಸಂತೋಷವಿತ್ತು. “ಮೇಲಿನ ಸ್ವರ ತಿಂದುಹಾಕಿದೆ. ಪೆಟ್ಟಿಗೆಯ ಮುಂದೆ ಏನಾದರೂ ಅಡ್ಡ ಇಟ್ಟಿದ್ದೀರಾ ಅಣ್ಣ?”

“ಅಡ್ಡ ಏನಿಲ್ಲ. ಕಂಬಳಿ ಹೊದೆಸಿದ್ದೇವೆ,” ಎಂದರು ಮೇಸ್ತ್ರಿಯವರು. “ನಾಲ್ಕು ಮಡಿಕೆ ಮಾಡಿ. ಹಂಚಿನ ಧೂಳು ಹೋಗಬಾರದಲ್ಲ ಒಳಗೆ. ತರುವಾಗ ತೆಗೆದಿಟ್ಟೆವು, ಅದು ವಾಚನಾಲಯದ್ದು.”

“ಹಾಡುವಾಗಲೂ ಹೊದ್ದುಕೊಂಡೇ ಹಾಡ್ತಿತ್ತಾ?”

“ಧೂಳು ಹಾಡುವಾಗ ಬರುವುದಿಲ್ಲವಾ?”

ಧನಿಗಳು ನಗಲಿಲ್ಲ. ಕಂಬಳಿ ತೆಗೆದರೆ ಮುಗಿಯುತ್ತಿದ್ದ ಕೆಲಸಕ್ಕೆ ಒಳ್ಳೆಯ ಧ್ವನಿವರ್ಧಕವೊಂದು ಹಾಳಾಗಿತ್ತು. ಅವರು ನನ್ನ ಕಡೆಗೆ ತಿರುಗಿದರು.

“ನಿಮಗೆ ಹಸಿಗೂ ಚಂಡಿಗೂ ವ್ಯತ್ಯಾಸ ಗೊತ್ತಿಲ್ಲವಾ? ಪೇಟೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು. ನೀವು ಯಾವ ಊರಿನವರು ಮಾರಾಯ್ರೆ?”

ಇದಕ್ಕೆ ಉತ್ತರ ಎರಡು ಶಬ್ದದ್ದು. ಊರು ಬೋಳಾರ, ಎದುರಿಗೆ ನಿಂತವರು ತಂದೆ. ಗೊತ್ತಿತ್ತು ಎಂದರೆ, ಗೊತ್ತಿದ್ದೂ ಕೇಳದೆ ಬರೆದವನಿಗೆ ಆ ಅಂಗಡಿಯಲ್ಲಿ ಕೆಲಸವಿರುತ್ತಿರಲಿಲ್ಲ. ಗೊತ್ತಿಲ್ಲ ಎಂದು ತಂದೆಯ ಮುಂದೆ ಹೇಳುವ ಬಾಯಿ ನನಗಿರಲಿಲ್ಲ. ನಾನು ಮೇಜಿನ ಮೇಲಿದ್ದ ಒತ್ತುಕಾಗದವನ್ನು ನೋಡುತ್ತ ನಿಂತೆ.

“ಸಾಹೇಬ್ರೆ,” ಎಂದರು ತಂದೆ, “ಇವರದ್ದು ತಪ್ಪಿಲ್ಲ. ಕಲಿತವರಿಗೆ ನಮ್ಮ ಅಂಗಳದ ಶಬ್ದ ಹೇಗೆ ಗೊತ್ತಾಗಬೇಕು? ನಾವೇ ಬಿಡಿಸಿ ಹೇಳಬೇಕಿತ್ತು.” ಆಮೇಲೆ ನನಗೆ ಹೇಳಿದರು: “ನೀವು ಬೇಜಾರು ಮಾಡ್ಬೇಡಿ.”

ಮೇಸ್ತ್ರಿಯವರು ಸ್ವಲ್ಪ ಗೊಣಗಿ, ಅದೂ ಹೌದೆಂದರು. ಧನಿಗಳ ಮುಖ ಸಡಿಲವಾಯಿತು. ತಪ್ಪು ತಮ್ಮದೆಂದು ಗಿರಾಕಿಯೇ ಒಪ್ಪಿದ ಮೇಲೆ ವ್ಯಾಪಾರಿಗೆ ಹೇಳುವುದೇನಿದೆ? ಹೊಸ ಕಾಗದ ತರಿಸಿ ಹಾಕಿಕೊಡುವೆವು, ಕಂಬಳಿಯ ಬದಲು ತೆಳುವಾದ ಬಟ್ಟೆ ಹೊಲಿಸಿ ಎಂದು ಹೇಳಿ, ಇಬ್ಬರಿಗೂ ಬೆಲ್ಲದ ಕಾಫಿ ತರಿಸಿದರು. ತಂದೆ ನಿಂತುಕೊಂಡೇ ಕುಡಿದರು. ಪೊರ್ಬುಗಳು ಅವರನ್ನು ಬಿಡದೆ, ಅಂಗಡಿಯಲ್ಲಿದ್ದ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಕೇಳಿಸಿ ಅಭಿಪ್ರಾಯ ಕೇಳಿದರು. ತಂದೆ ಪ್ರತಿಯೊಂದಕ್ಕೂ ತಲೆ ಓರೆ ಮಾಡಿ, ಹಂಚಿನ ದರ್ಜೆ ಹೇಳುವಂತೆ ಹೇಳುತ್ತಿದ್ದರು: ಇದು ಹೆಚ್ಚು ಬೆಂದು ಸೀದಿದೆ, ಇದರಲ್ಲಿ ಕೂದಲಿನಷ್ಟು ಬಿರುಕು ಉಂಟು, ಇದು ಸರಿ. ಪೊರ್ಬುಗಳು ಪ್ರತಿಯೊಂದಕ್ಕೂ ಹೌದು ಹೌದು ಎನ್ನುತ್ತಿದ್ದರು. ಅವರಿಬ್ಬರೂ ಅಷ್ಟು ಬೇಗ ಹಾಗೆ ಮಾತನಾಡತೊಡಗಿದುದನ್ನು ನಾನು ನನ್ನ ಮೇಜಿನಿಂದ ನೋಡಿದೆ. ನಾನು ಅದೇ ಅಂಗಡಿಯಲ್ಲಿ ಐದು ತಿಂಗಳಿನಿಂದ ಇದ್ದೆ.

ಆ ಸಂಜೆ ಮದರಾಸಿಗೆ ಇನ್ನೊಂದು ಪತ್ರ ಬರೆಯಬೇಕಾಯಿತು. ಗಿರಾಕಿಗಳು ತಮ್ಮ ದೂರನ್ನು ನಿಷ್ಕೃಷ್ಟವಾಗಿ ವ್ಯಕ್ತಪಡಿಸಲು ಅಸಮರ್ಥರಾಗಿದ್ದುದರಿಂದ ಈ ಪ್ರಮಾದ ಸಂಭವಿಸಿತು ಎಂದು ಬರೆದೆ. ಧನಿಗಳು ಓದಿಸಿ ಕೇಳಿ, ಚೆನ್ನಾಗಿದೆ ಎಂದು ಸಹಿ ಹಾಕಿದರು.

ಧ್ವನಿವರ್ಧಕದ ಹೊಸ ಕಾಗದ ಬಂತು. ಪೊರ್ಬುಗಳು ಹಾಕಿಕೊಟ್ಟರು. ವಾಚನಾಲಯದವರು ಕೊಂಡರು, ಧನಿಗಳ ಲೆಕ್ಕಾಚಾರದಂತೆ ಇನ್ನೆರಡು ಕಾರ್ಖಾನೆಯವರೂ ಕೊಂಡರು. ತಿಂಗಳ ಕೊನೆಗೆ ಧನಿಗಳು ಕರೆದು, “ಇವತ್ತಿನಿಂದ ಕಾಯಂ. ಕಾಗದ ಬೇಕಲ್ಲ ನಿಮಗೆ? ನೀವೇ ಬರೆಯಿರಿ, ನಿಮ್ಮಷ್ಟು ಚಂದ ಬರೆಯುವವರು ನನ್ನ ಹತ್ತಿರ ಬೇರೆ ಯಾರಿದ್ದಾರೆ?” ಎಂದರು. ನನ್ನ ನೇಮಕದ ಪತ್ರವನ್ನು ನಾನೇ ಇಂಗ್ಲಿಷಿನಲ್ಲಿ ರಚಿಸಿದೆ. ಭಾಷೆಗಳ ಮೇಲಿನ ಪ್ರಭುತ್ವ ಎಂಬ ಒಂದು ಮಾತನ್ನು ಹಾಕಿ, ಹೊಡೆದುಹಾಕಿ, ಶುದ್ಧಪ್ರತಿಯಲ್ಲಿ ಮತ್ತೆ ಹಾಕಿದೆ.

ಭಾನುವಾರ ಅದನ್ನು ತೆಗೆದುಕೊಂಡು ಬೋಳಾರಕ್ಕೆ ಹೋದೆ. ಮನೆಯಲ್ಲಿ ನಮ್ಮ ಮಾತು ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಾಯಿ ಕೈ ಒರೆಸಿಕೊಂಡು ಕಾಗದವನ್ನು ಎರಡೂ ಬದಿ ನೋಡಿ, ಓದು ಎಂದರು. ಓದಿದೆ. ಅರ್ಥವೇನು ಎಂದರು.

“ಕೆಲಸ ಕಾಯಂ ಆಯ್ತು ಅಂತ.”

“ಇಷ್ಟುದ್ದ ಓದಿದೆಯಲ್ಲ, ಅಷ್ಟೆಯಾ?”

“ಅಷ್ಟೇ.”

ಅವರು ಅದನ್ನು ದೇವರ ಪಟದ ಹಿಂದೆ ಇಡಲು ಒಳಗೆ ಹೋದರು. ತಂದೆ ಗಂಜಿಗೆ ಕುಳಿತಿದ್ದರು. ಅಂಗಡಿಗೆ ಬಂದುಹೋದ ದಿನದ ಮಾತು ನಮ್ಮಿಬ್ಬರ ನಡುವೆ ಬಂದಿರಲಿಲ್ಲ. ನಾನು ಅವರ ಎದುರಿಗೆ ಕುಳಿತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯವನ್ನು ಬಿಟ್ಟು, ಹೇಳಿದೆ: “ಹಸಿ ಅಂದರೆ ಎಂತ ಅಂತ ನನಗೆ ಗೊತ್ತಿತ್ತು.”

“ಗೊತ್ತುಂಟು,” ಎಂದರು ಅವರು. ಉಪ್ಪಿನಕಾಯಿಯ ಹೋಳನ್ನು ಬಟ್ಟಲ ಅಂಚಿಗೆ ತಳ್ಳಿದರು. “ಗೊತ್ತಿಲ್ಲದಿದ್ದರೆ ನೀನು ಎಂತ ಅಂತ ಕೇಳ್ತಿದ್ದೆ.”

ಬೈಗುಳವಾಗಿ ಹೇಳಲಿಲ್ಲ. ಹಂಚು ತಟ್ಟಿ ರಾಶಿಗೆ ಹಾಕುವಾಗ ಹೇಳುವ ಧ್ವನಿಯಲ್ಲಿ ಹೇಳಿದರು. ತುಳುವಿನಲ್ಲಿ ಕ್ಷಮೆ ಕೇಳುವ ಶಬ್ದ ಯಾವುದೆಂದು ಹುಡುಕಿದೆ. ಮನೆಯಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿದ ನೆನಪಿಲ್ಲದ್ದರಿಂದ ಸಿಗಲಿಲ್ಲ. ತಾಯಿ ನನಗೂ ಬಟ್ಟಲು ತಂದಿಟ್ಟರು. ಉಂಡು, ಬಾವಿಯ ಹತ್ತಿರ ಮಸಿ ಹಿಡಿದ ಗಂಜಿಯ ಮಡಕೆಯ ಬದಿಯಲ್ಲಿ ಬಟ್ಟಲು ತೊಳೆಯಲು ಹೋದಾಗ ತಂದೆ ಹಿಂದಿನಿಂದ, “ಅದನ್ನು ಅಲ್ಲೇ ಇಡು, ಅಂಗಿಗೆ ಮಸಿ ತಾಗ್ತದೆ,” ಎಂದರು. ಇಟ್ಟೆ. ಕತ್ತಲಾಗುವ ಮೊದಲು ಬಲ್ಮಠಕ್ಕೆ ಹೊರಟೆ. ಇನ್ನೊಂದು ದಿನ ಇರು ಎಂದು ಅವರು ಹೇಳಲಿಲ್ಲ; ಸೋಮವಾರ ನನಗೆ ಕೆಲಸವಿತ್ತು.